ಗೆದ್ದಲು ತಿಂದ ಚಾರ್ಟು

“ಆ ಚಾರ್ಟಾ? ಗೆದ್ದಲು ತಿಂದೋಯ್ತು ಕಣಮ್ಮ,” ಎಂದರು ರುಕ್ಮಿಣಮ್ಮ. ಹೇಳುವಾಗ ಮಧುಶ್ರೀಯ ಮುಖ ನೋಡಲಿಲ್ಲ. ಬೀರುವಿನ ಬೀಗದ ಕೈಯನ್ನು ಮಾತ್ರ ಸೊಂಟಕ್ಕೆ ಇನ್ನಷ್ಟು ಭದ್ರವಾಗಿ ಸಿಕ್ಕಿಸಿಕೊಂಡರು. ಚಾರ್ಟು ಅದೇ ಬೀರುವಿನಲ್ಲಿ, ಹಾಜರಿ ಪುಸ್ತಕಗಳ ಹಿಂದೆ, ಕೆಂಪು ರಿಬ್ಬನ್ ಕಟ್ಟಿಸಿಕೊಂಡು ಸುಖವಾಗಿ ಮಲಗಿತ್ತು. ಆಟದ ಮೈದಾನದಿಂದಲೂ ಯುದ್ಧಭೂಮಿಯಿಂದಲೂ ದಿನಬಳಕೆಯ ಇಂಗ್ಲಿಷಿಗೆ ಬಂದು ಸೇರಿದ ನಲವತ್ತು ನುಡಿಗಟ್ಟುಗಳು, ಪ್ರತಿಯೊಂದರ ಎದುರಿಗೂ ಅರ್ಥ, ಎಲ್ಲವೂ ಮೂರು ಬಣ್ಣದ ಸ್ಕೆಚ್ ಪೆನ್ನಿನಲ್ಲಿ.

“ಹೋಗ್ಲಿ ಬಿಡಿ ಮಿಸ್, ಏನಾದ್ರೂ ಮಾಡ್ತೀನಿ,” ಎಂದು ಮಧುಶ್ರೀ ಹೊರಟುಹೋದಳು.

ಸುತ್ತಮುತ್ತಲಿನ ಶಾಲೆಗಳ ಇಂಗ್ಲಿಷ್ ಶಿಕ್ಷಕರೆಲ್ಲ ಆ ಶನಿವಾರ ಸಾಲಿಗ್ರಾಮದ ಹತ್ತಿರದ ಈ ಶಾಲೆಯಲ್ಲಿ ಸೇರುವವರಿದ್ದರು. ಅವರ ಮುಂದೆ ಮಾದರಿ ಪಾಠ ಮಾಡಿ ಮೆಚ್ಚಿಸಿದವರಿಗೆ ಮೈಸೂರಿನ ಜಿಲ್ಲಾ ಮೇಳದಲ್ಲಿ ಪಾಠ ಮಾಡುವ ಅವಕಾಶ. ಇಪ್ಪತ್ತು ವರ್ಷದಿಂದ ಇಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ರುಕ್ಮಿಣಮ್ಮನಿಗೆ ಒಮ್ಮೆಯೂ ಆ ಅವಕಾಶ ಸಿಕ್ಕಿರಲಿಲ್ಲ. ಮಾರ್ಚಿಗೆ ನಿವೃತ್ತಿ, ಇದೇ ಕೊನೆಯ ಸಲ. ಅಷ್ಟರಲ್ಲಿ ಸುತ್ತಲಿನ ಶಾಲೆಗಳ ಉಸ್ತುವಾರಿ ನೋಡುವ ಸಿಆರ್‌ಪಿ ನಟರಾಜು ಫೋನ್ ಮಾಡಿ, “ಈ ಸಲ ಆ ಹುಡುಗೀಗೆ ಬಿಡೋಣ ಮೇಡಂ, ಹೊಸಬ್ರು ಬರ್ಲಿ,” ಎಂದುಬಿಟ್ಟಿದ್ದ. ಹುಡುಗಿ ಎಂದರೆ ಈ ಅತಿಥಿ ಶಿಕ್ಷಕಿ ಮಧುಶ್ರೀ. ಬಂದು ಆರು ತಿಂಗಳಾಗಿತ್ತು. ಇದೇ ಶಾಲೆಯಲ್ಲಿ, ರುಕ್ಮಿಣಮ್ಮನ ಕೈಯಲ್ಲೇ ಎಬಿಸಿಡಿ ಕಲಿತವಳು. ಗುರುವಿಗೇ ತಿರುಮಂತ್ರ! ಮಕ್ಕಳಾದರೂ ಎಂಥವು? ಇವರನ್ನು ಕಂಡರೆ ಎದ್ದು ನಿಲ್ಲುತ್ತಿದ್ದವು, ಅವಳನ್ನು ಕಂಡರೆ ಓಡಿ ಬರುತ್ತಿದ್ದವು. ರುಕ್ಮಿಣಮ್ಮನಿಗೆ ಹೊಟ್ಟೆ ಧಗಧಗ ಉರಿಯುತ್ತಿತ್ತು.

ಶನಿವಾರ ಮಧುಶ್ರೀ ಚಾರ್ಟಿಲ್ಲದೆ, ಹೆಗಲ ಮೇಲೊಂದು ಟವಲ್ ಹಾಕಿಕೊಂಡು ಬಂದಳು. ಗೋಡೆಗೆ ತೂಗುಹಾಕಲು ಏನೂ ಇಲ್ಲದ ಮೇಲೆ ಗೋಡೆ ಯಾಕೆ ಎಂದು ಮಕ್ಕಳನ್ನು ಹೊಂಗೆ ಮರದ ಕೆಳಗೆ ಕರೆದೊಯ್ದಳು. ಶಿಕ್ಷಕರು ಕುರ್ಚಿ ಹೊತ್ತುಕೊಂಡು ಹಿಂದೆ ನಡೆದರು. ಚಾರ್ಟು ಕೊಟ್ಟಿದ್ದರೆ ಒಳಗೇ ಬಿದ್ದಿರುತ್ತಿದ್ದಳಲ್ಲ ಎಂದು ರುಕ್ಮಿಣಮ್ಮನಿಗೆ ಅನ್ನಿಸಿತು.

“ಗುಂಡು ಸಿಗ್ಲಿಲ್ಲ ಕಣ್ರೋ, ಎಲ್ರೂ ಪೆನ್ಸಿಲ್ ಕಚ್ಕೊಳಿ,” ಎಂದಳು ಮಧುಶ್ರೀ. ಮೂವತ್ತು ಮಕ್ಕಳೂ ಕಚ್ಚಿಕೊಂಡವು. “ಅರಿವಳಿಕೆ ಇಲ್ದಿದ್ದ ಕಾಲ್ದಲ್ಲಿ, ಗಾಯ ಆದ ಸಿಪಾಯಿಗೆ ಕೂಗ್ದೇ ಇರ್ಲಿ ಅಂತ ಬಾಯಿಗೆ ಗುಂಡು ಕೊಡ್ತಿದ್ರಂತೆ. ನೋವು ನುಂಗ್ಕೊಂಡು ಕೆಲಸ ಮಾಡೋದಕ್ಕೆ ‘ಬೈಟ್ ದಿ ಬುಲೆಟ್’ ಅನ್ನೋದು ಅದಕ್ಕೇ.”

ಪವಿತ್ರಾ ಪೆನ್ಸಿಲ್ ಉಗುಳಿ ಎದ್ದಳು. “ನಮ್ಮವ್ವ ಅಲ್ಲು ಕೀಳುಸ್ಕಳಾಗ ಸೆರಗು ಕಚ್ಕೊಂಡಿತ್ತು ಮಿಸ್!”

“ಹೂಂ ಕಣೇ, ಅಂಗೇಯ!”

ನಟರಾಜು ತೊಡೆ ತಟ್ಟಿ ನಕ್ಕ. ರುಕ್ಮಿಣಮ್ಮ ಮಾತ್ರ ನಗಲಿಲ್ಲ.

ಆಮೇಲೆ ಮಧುಶ್ರೀ ಹೆಗಲ ಮೇಲಿನ ಟವಲ್ ತೆಗೆದಳು. “ಥ್ರೋ ಇನ್ ದಿ ಟವಲ್. ಅಂದ್ರೆ ಸೋಲು ಒಪ್ಕೊಳೋದು. ಸೋಲಿಗೂ ಟವಲ್ಲಿಗೂ ಏನು ಸಂಬಂಧ? ನಾನು ಏಳನೇ ಕ್ಲಾಸಲ್ಲಿದ್ದಾಗ ನಮ್ ಮಿಸ್‌ನ ಇದೇ ಕೇಳಿದ್ದೆ.”

ಆ ಮಿಸ್ ರುಕ್ಮಿಣಮ್ಮನೇ. ಮರೆತಿರಲಿಲ್ಲ ಅವರು. ಟವಲ್ ಯಾಕೆ ಎಂಬುದು ಅವತ್ತೂ ಅವರಿಗೆ ಗೊತ್ತಿರಲಿಲ್ಲ, ಇವತ್ತೂ ಗೊತ್ತಿರಲಿಲ್ಲ. “ಟವಲ್ ಕಟ್ಕೊಂಡು ನಿಂಗೇನಾಗ್ಬೇಕು? ಉರು ಹೊಡಿ,” ಎಂದು ಗೆಣ್ಣಿನ ಮೇಲೆ ಸ್ಕೇಲಿನ ಅಂಚಿನಿಂದ ಎರಡು ಬಿಟ್ಟಿದ್ದರು. ಈಗ ಇಷ್ಟು ಜನರ ಮುಂದೆ ಮಾನ ಹೋಯಿತು ಎಂದು ಕುರ್ಚಿಯ ಕೈ ಬಿಗಿಯಾಗಿ ಹಿಡಿದುಕೊಂಡರು.

“ನಮ್ ಮಿಸ್ ಏನಂದ್ರು ಗೊತ್ತಾ? ‘ನಂಗೂ ಗೊತ್ತಿಲ್ಲ ಕಣೇ. ನೀನೇ ಹುಡುಕು, ಸಿಕ್ಕಿದ್ರೆ ನಂಗೂ ಬಂದು ಹೇಳು’ ಅಂದ್ರು. ಅವತ್ತು ಹುಡುಕೋಕೆ ಶುರು ಮಾಡಿದ್ದು ನಾನು.” ಮಧುಶ್ರೀ ಟವಲನ್ನು ಮಕ್ಕಳ ನಡುವೆ ಎಸೆದಳು. “ಬಾಕ್ಸಿಂಗಲ್ಲಿ ಏಟು ತಿಂತಿರೋನು ಸಾಕು ಅನ್ನಲ್ಲ, ಹಟ. ಅವನ ಕಡೆಯೋರೇ ನೋಡಕ್ಕಾಗ್ದೆ ಹೊರಗಿನಿಂದ ಟವಲ್ ಎಸೀತಾರೆ. ಇನ್ನು ಹೊಡೀಬೇಡಿ, ಬಿಟ್ಬುಡಿ ಅಂತ.”

ಚಪ್ಪಾಳೆಯೋ ಚಪ್ಪಾಳೆ. ನಟರಾಜು ತಿರುಗಿ, “ಅಂಥ ಮಿಸ್ ಸಿಗೋಕೆ ಪುಣ್ಯ ಮಾಡಿರ್ಬೇಕು ಕಣ್ರೀ. ಮೇಡಂ, ಅದು ನೀವೇ ಅಲ್ವಾ?” ಎಂದ. ರುಕ್ಮಿಣಮ್ಮನ ತಲೆ ಅವರನ್ನು ಕೇಳದೆಯೇ ಹೌದೆಂದು ಆಡಿತು. ಚಪ್ಪಾಳೆ ಇನ್ನೊಮ್ಮೆ ಎದ್ದಿತು, ಈ ಸಲ ಅವರಿಗೆ. ಇಪ್ಪತ್ತು ವರ್ಷದಲ್ಲಿ ಮೊದಲನೆಯದು. ಅದೂ ಅವಳು ಕೊಟ್ಟದ್ದು! ಅವಳ ಪಾಠದ ಮೇಲಿದ್ದ ಹೊಟ್ಟೆಕಿಚ್ಚು ಈಗ ಅವಳ ಒಳ್ಳೆಯತನಕ್ಕೂ ಹತ್ತಿಕೊಂಡಿತು. ಹೊಡೆದರು ಎಂದು ಹೇಳಿಬಿಟ್ಟಿದ್ದರೆ ಅವಳನ್ನು ದ್ವೇಷಿಸುವುದಾದರೂ ಸಲೀಸಾಗಿರುತ್ತಿತ್ತು.

“ಮೈಸೂರಿಗೆ ಮಧುಶ್ರೀ, ಎರಡು ಮಾತಿಲ್ಲ. ಹಾಜರಿ ಪುಸ್ತಕ ತರ್ಸಿ ಮೇಡಂ, ಎಲ್ರೂ ಸಹಿ ಹಾಕ್ಲಿ,” ಎಂದ ನಟರಾಜು.

ರುಕ್ಮಿಣಮ್ಮ ಅದೇ ಗುಂಗಿನಲ್ಲಿ ಸೊಂಟದ ಬೀಗದ ಕೈ ತೆಗೆದು ಮಧುಶ್ರೀಗೆ ಕೊಟ್ಟರು. ಅವಳು ಕಾರಿಡಾರ್ ದಾಟಿದ ಮೇಲೆ ನೆನಪಾಯಿತು. ಎದ್ದರು, ಮಂಡಿನೋವನ್ನೂ ಮರೆತು ಓಡಿದರು. ಬಾಗಿಲಲ್ಲಿ ನಿಂತಾಗ ಬೀರು ತೆರೆದಿತ್ತು, ಹಾಜರಿ ಪುಸ್ತಕ ಮೇಜಿನ ಮೇಲಿತ್ತು. ಕೆಂಪು ರಿಬ್ಬನ್ನಿನ ಚಾರ್ಟು ಮಧುಶ್ರೀಯ ಕೈಯಲ್ಲಿತ್ತು, ಒಂದು ಮೂಲೆಯೂ ಸವೆದಿರಲಿಲ್ಲ.

ಮಧುಶ್ರೀ ಅವರನ್ನು ನೋಡಿದಳು. ಚಾರ್ಟನ್ನು ಮೊದಲಿದ್ದಲ್ಲೇ ಹುಷಾರಾಗಿ ಇಟ್ಟು, ಬೀರು ಮುಚ್ಚಿ, ಬೀಗದ ಕೈಯನ್ನು ಅವರ ಅಂಗೈಗಿಟ್ಟಳು.

“ಗೆದ್ದಲು ಜಾಸ್ತಿ ಆಗ್ಬುಟ್ಟಿದೆ ಮಿಸ್,” ಎಂದಳು. “ಒಂಚೂರು ಬೇವಿನ ಸೊಪ್ಪು ಇಡಿ.”