ಸಂತೆಯ ಜಾಹೀರಾತು

ಸಂತೆಯ ನಡುವೆ ಮಚ್ಚು ಹಿಡಿದವನೊಬ್ಬ ಇನ್ನೊಬ್ಬನನ್ನು ಅಟ್ಟಿಸಿಕೊಂಡು ಬಂದ. ಮುಂದೆ ಓಡುತ್ತಿದ್ದವನ ಭುಜ ಸೀಳಿ ಅಂಗಿಯೆಲ್ಲ ಕೆಂಪಾಗಿತ್ತು.

ಹೂವು ಕೊಳ್ಳುತ್ತಿದ್ದ ಹೆಂಗಸು ಚೀರಿದಳು. ಹೂವಿನವಳು ನಕ್ಕಳು. "ಹೆದರ್ಬೇಡಿ ಕಣ್ರಮ್ಮ. ಹೋದ ವಾರಾನೂ ಈ ಮುಂದೆ ಓಡೋನು ಇಲ್ಲೇ ಕೊಲೆಯಾಗಿ ಬಿದ್ದಿದ್ದ. ಆಮೇಲೆ ಎದ್ದು, 'ನಿಮ್ಮನೆಗೂ ನಮ್ಮ ಸಿಸಿ ಕ್ಯಾಮೆರಾ ಹಾಕಿಸಿ' ಅಂದ. ಜಾಹೀರಾತಂತೆ! ಪಕ್ಕದ ಬಳೆಯಕ್ಕ ಮಾತ್ರ ನಡುಗ್ತಾ ಮನೆಗೋದ್ಳು, ಈ ವಾರ ಅಂಗಡಿನೇ ಹಾಕಿಲ್ಲ."

ಜನ ಮೊಬೈಲ್ ಎತ್ತಿ ಸುತ್ತುವರಿದರು. ಓಡಲು ದಾರಿ ಸಿಗದೆ ಅವನು ಮಂಡಿಯೂರಿದ.

"ಕಾಪಾಡ್ರಪ್ಪಾ, ಇದು ಆಟ ಅಲ್ಲ!"

"ಅವತ್ತೂ ಹಿಂಗೇ ಅಂದಿದ್ದೆ ಕಣೋ, ಹೊಸದೇನಾರ ಹೇಳು!" ಎಂದು ಒಬ್ಬ ಕೂಗಿದ. ಚಪ್ಪಾಳೆ ಬಿತ್ತು.

ಮಚ್ಚು ಎರಡು ಸಲ ಅವನ ಕುತ್ತಿಗೆಗೆ ಇಳಿಯಿತು. ಬಿದ್ದವನು ಏಳಲೆಂದು ಜನ ತಾಳ್ಮೆಯಿಂದ ಕಾದರು.

"ಏಳಪ್ಪ, ಈ ಸಲ ಏನು ಮಾರ್ತೀಯ ಹೇಳು," ಎಂದಳು ಹೂವಿನವಳು.

ಮಚ್ಚಿನವನು ಮಚ್ಚನ್ನು ನೆಲಕ್ಕಿಟ್ಟು, ಸಂತೆಯಂಚಿನ ಗುಡಿಯ ಕಡೆಗೆ ಕೈಮುಗಿದು, ಖಾಲಿಯಿದ್ದ ಬಳೆ ಅಂಗಡಿಯ ಜಾಗದಲ್ಲಿ ಕುಳಿತ.

"ಏಳಲ್ಲ ಕಣಕ್ಕ. ಅವತ್ತು ನಡುಗ್ತಾ ಮನೆಗೆ ಬಂದು ಮಲಗಿದ ನಮ್ಮವ್ವನೂ ಏಳಲಿಲ್ಲ."