ಸಂತೆಯ ಕಥೆ ಹೇಳುವವಳು

ಸಂತೆಗೆ ಹೊರಟ ಗಂಡ ಕನ್ನಡಿಯ ಮುಂದೆ ಎರಡನೇ ಸಲ ತಲೆ ಬಾಚಿಕೊಂಡಾಗ ಮಹಾಂತಮ್ಮನ ಹೊಟ್ಟೆಗೆ ಬೆಂಕಿ ಬಿತ್ತು. ಬಾಚಲು ಅಲ್ಲಿ ಕೂದಲಾದರೂ ಎಷ್ಟಿದ್ದವು!

ಮಕ್ತಲ್ ಸಂತೆಯ ಇತಿಹಾಸ ಬರೆಯುವ ಹುಚ್ಚು ಹಿಡಿದಿತ್ತು ಮಲ್ಲಣ್ಣನಿಗೆ. ಕಿರಾಣಿ ಅಂಗಡಿಯನ್ನು ಮಗನಿಗೆ ಬಿಟ್ಟ ಮೇಲೆ ಬೇರೆ ಕೆಲಸವೂ ಇರಲಿಲ್ಲ. ಆದರೆ ಅಷ್ಟು ದೊಡ್ಡ ಸಂತೆಯಲ್ಲಿ ಅವನಿಗೆ ಕಂಡದ್ದು ಬಳೆ ಮಾರುವ ಹುಸೇನಮ್ಮ ಒಬ್ಬಳೇ. ವಾರ ವಾರ ಅವಳ ಪಕ್ಕ ಕೂರುವುದು, ಅವಳ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡುವುದು, ಮನೆಗೆ ಬಂದು ಊಟಕ್ಕೆ ಕೂತಾಗ ಅದನ್ನೇ ಹಾಕಿ ಕೇಳುವುದು. ಹೆಂಡತಿಯ ರೊಟ್ಟಿ, ಹುಸೇನಮ್ಮನ ಮಾತು. ಹಳೆಯ ಸುದ್ದಿ ಬೇಕಾದರೆ ಹುಸೇನಮ್ಮನನ್ನು ಕೇಳಿ ಎಂದು ಕಳಿಸಿದವಳು ಮಹಾಂತಮ್ಮನೇ. ಈಗ ಯಾರನ್ನು ಬೈಯುವುದು?

ಅಂದೂ ತಟ್ಟೆಯ ಪಕ್ಕ ಫೋನು ಮಾತಾಡತೊಡಗಿತು.

"ಟವೆಲ್ ಕೆಳಗ ಬೆರಳು ಹಿಡಿದು ಎತ್ತಿನ ರೇಟು ಹೇಳ್ತಿದ್ರು ನೋಡ್ರಿ ದಲಾಲರು," ಎನ್ನುತ್ತಿದ್ದಳು ಹುಸೇನಮ್ಮ. "ಒಬ್ಬ ದಲಾಲ ಇದ್ದ. ಬಾಯಾಗ ಬೀಗರ ಜೋಡಿ ಜಗಳ, ಟವೆಲ್ ಕೆಳಗ ವ್ಯಾಪಾರ! ಜಗಳ ನೋಡಾಕ ಮಂದಿ ಸೇರೋದ್ರಾಗ ಎತ್ತು ಮಾರಾಟ ಆಗಿ ಹೋಗಿರ್ತಿತ್ತು."

ಮಹಾಂತಮ್ಮ ಮುಂದಿನ ಮಾತಿಗೆ ಕಿವಿಗೊಟ್ಟಳು. ರೆಕಾರ್ಡು ಅಲ್ಲಿಗೇ ಮುಗಿದಿತ್ತು.

ಮಲ್ಲಣ್ಣ ತುತ್ತು ನೆತ್ತಿಗೆ ಹತ್ತುವಂತೆ ನಕ್ಕ. "ಏನ್ ಹೇಳ್ತಾಳ ಆಕಿ! ಕೇಳಿದಷ್ಟೂ ಕೇಳಬೇಕು ಅನಸ್ತೈತಿ."

ತನ್ನ ಮಾತಿಗೆ ಅವನು ಒಮ್ಮೆಯಾದರೂ ಹೀಗೆ ನಕ್ಕದ್ದು ಮಹಾಂತಮ್ಮನಿಗೆ ನೆನಪಾಗಲಿಲ್ಲ.

"ನಮ್ಮಪ್ಪನೂ ದಲಾಲನ ಇದ್ದನ್ರೀ. ಸಣ್ಣಾಕಿ ಇದ್ದಾಗ ನಾನೂ ಅವನ ಜೋಡಿ ಸಂತಿಗೆ ಹೋಗ್ತಿದ್ದೆ. ಅವನ ಹೆಸರೂ ನಿಮ್ಮ ಬುಕ್ಕಿನ್ಯಾಗ ಬರಲಿ," ಎಂದಳು.

"ಎತ್ತಿನ ಸಂತಿ ಸುದ್ದಿ ನಿನಗೇನ್ ಗೊತ್ತು? ರೊಟ್ಟಿ ಹಾಕು."

ರೊಟ್ಟಿ ಹಾಕಿದಳು. ಆ ಫೋನನ್ನು ಒಲೆಗೆ ಹಾಕಬೇಕು ಎನ್ನುವಷ್ಟು ಸಿಟ್ಟು ಬಂದಿತ್ತು. ತನ್ನ ಮನೆಯಲ್ಲಿ ತನ್ನ ಮಾತಿಗಿಲ್ಲದ ಕಿವಿ ಆ ಬಳೆಗಾರ್ತಿಯ ಮಾತಿಗೆ ಇತ್ತು.

ಮರುದಿನ ಅವನು ರಾಯಚೂರು ಬಸ್ಸು ಹತ್ತಿದ್ದೇ ತಡ, ಮಹಾಂತಮ್ಮ ಸೆರಗು ಬಿಗಿದು ಹುಸೇನಮ್ಮನ ಮನೆಗೆ ನಡೆದಳು. ಬಾಗಿಲಲ್ಲೇ ನಿಂತು ಕೇಳಿದಳು:

"ಭಾಳ ನಗಸ್ತಿ ಅಲ್ಲ, ನಮ್ಮ ಮನಿಯವರನ್ನ?"

ಹುಸೇನಮ್ಮ ಜೋಡಿಸುತ್ತಿದ್ದ ಬಳೆ ಬದಿಗಿಟ್ಟಳು. "ಅವರ ನಗ್ತಾರಕ್ಕಾ, ನಾ ಏನ್ ಮಾಡ್ಲಿ? ನಿಮಗ ಸಂಕಟ ಆದ್ರ ಇವತ್ತಿಗೇ ಬಿಡ್ತೀನಿ."

"ಸಂಕಟ ಆಗ್ತೈತಿ, ಸುಳ್ಳ್ಯಾಕ ಹೇಳ್ಲಿ? ಆದ್ರೂ ಬಿಡಬ್ಯಾಡ."

ಮಹಾಂತಮ್ಮ ಒಳಗೆ ಬಂದು ಚಾಪೆಯ ಮೇಲೆ ಕೂತಳು.

"ನಾ ಹೇಳಿಕೊಟ್ಟ ಕಥಿ ಚಂದಾಗೇ ಹೇಳೀದಿ, ಆದ್ರ ನಮ್ಮಪ್ಪನ ಹೆಸರೊಂದ ಮರ್ತುಬಿಟ್ಟಿ; ಮುಂದಿನ ಸಂತ್ಯಾಗ ತಪ್ಪದ ಹೇಳು, ದಲಾಲ ಕಾಳಪ್ಪ ಅಂತ."