ದೊಡ್ಡ ಚೆಕ್ಕು

ಹೊಳೆ ನುಂಗಿದ ಮನೆಗಳನ್ನು ಮತ್ತೆ ಕಟ್ಟಿಕೊಡಲೆಂದು ನಾಡಿನ ಜನ ಕೊಟ್ಟ ದೇಣಿಗೆಯನ್ನು ಸರ್ಕಾರ ಮೂರು ವರ್ಷದಿಂದ ಬ್ಯಾಂಕಿನಲ್ಲೇ ಇಟ್ಟುಕೊಂಡಿತ್ತು.

ಈ ವರ್ಷವೂ ಪರಿಹಾರ ವಿತರಣೆಯ ಸಮಾರಂಭ ನಡೆಯಿತು. ಬಾಣಂತಿ ಮಗಳನ್ನು ಬಾಗಿಲಿಲ್ಲದ ತಗಡಿನ ಶೆಡ್ಡಿನಲ್ಲಿ ಬಿಟ್ಟು ಬಂದಿದ್ದ ದ್ಯಾಮವ್ವನನ್ನು ವೇದಿಕೆ ಹತ್ತಿಸಿದರು. ಮಂತ್ರಿಗಳು ಆಳೆತ್ತರದ ಚೆಕ್ಕೊಂದನ್ನು ಅವಳ ಕೈಗಿಟ್ಟು ಕ್ಯಾಮೆರಾದ ಕಡೆ ನಕ್ಕರು. ನಗು ಮಾಸುವ ಮೊದಲೇ ಕಾರು ಹತ್ತಿದರು.

“ಖರೇ ರೊಕ್ಕ ಯಾವಾಗ್ರೀ ಸಾಹೇಬ್ರ?” ದ್ಯಾಮವ್ವ ಅಲ್ಲೇ ಉಳಿದ ಅಧಿಕಾರಿಯನ್ನು ಕೇಳಿದಳು.

“ಮಾರ್ಗಸೂಚಿ ಬರಬೇಕಮ್ಮ. ದುಡ್ಡು ಎಲ್ಲೂ ಹೋಗಿಲ್ಲ, ನಿಧಿಯಲ್ಲಿ ಭದ್ರವಾಗಿದೆ.”

“ಅಷ್ಟು ಭದ್ರ ಜಾಗಾ ಇದ್ರ ನಮ್ಮನ್ನೂ ಅಲ್ಲೇ ಇಡ್ರಿ. ಇಲ್ಲಿ ಕೂಸಿನ ಹಾಸಿಗಿತನಕ ನಾಯಿ ಬರ್ತಾವು.”

ಸುತ್ತ ನಿಂತವರು ಕಿಸಕ್ಕೆಂದರು. ಅಧಿಕಾರಿ ನಗಲಿಲ್ಲ. “ಫೋಟೊ ಆಯ್ತಲ್ಲ, ಆ ಚೆಕ್ಕನ್ನ ವಾಪಸ್ ಕೊಡು. ನಾಳೆ ಪಕ್ಕದ ಊರಿನಲ್ಲಿ ಸಮಾರಂಭ ಇದೆ.”

ಅವಳು ಚೆಕ್ಕಿನ ಅಂಚನ್ನು ಬೆರಳಿನಿಂದ ಒತ್ತಿ ನೋಡಿದಳು. “ಮಳಿಗೆ ನೆಂದ್ರ ಕೆಡತೈತೇನ್ರಿ ಇದು?”

“ಏನೂ ಆಗಲ್ಲ, ಗಟ್ಟಿ ಪ್ಲಾಸ್ಟಿಕ್ಕು. ಎರಡು ಮಳೆಗಾಲ ಕಂಡಿದೆ. ಕೊಡಮ್ಮ, ಬ್ಯಾಂಕಿಗೆ ಒಯ್ದರೆ ಇದಕ್ಕೆ ಕಾಸೂ ಹುಟ್ಟಲ್ಲ.”

“ಬ್ಯಾಂಕಿಗೆ ಯಾರು ಒಯ್ತಾರ್ರೀ,” ಎಂದ ದ್ಯಾಮವ್ವ ಚೆಕ್ಕನ್ನು ಎತ್ತಿ ತಲೆಯ ಮೇಲೆ ಹೊತ್ತುಕೊಂಡಳು. “ಕೊಡಂಗಿಲ್ಲ. ನಮ್ಮ ಶೆಡ್ಡಿಗೆ ಬಾಗಿಲಾ ಆಗತೈತಿ.”